ದೊಡ್ಡ ಜಲಪಾತದ ಕೆಳಗೆ ಈಜಲು ಬಿಡ್ತಾರಾ?

ಪ್ರಶ್ನೆ: ಮೇಡಂ, ಜುಲೈನಲ್ಲಿ ಮಗಳು, ಅಳಿಯನ ಜೊತೆ ಕ್ರೊಯೇಷಿಯಾದ ಪ್ಲಿಟ್ವಿತ್ಸೆ ನೋಡಲು ಹೋಗುತ್ತಿದ್ದೇನೆ. ಅಲ್ಲಿನ ದೊಡ್ಡ ಜಲಪಾತದ ಕೆಳಗೆ ಈಜಲೇಬೇಕು ಅಂತ ಅಳಿಯನ ಹಟ. ಬಿಡ್ತಾರಾ? ನನಗೋ ಮಂಡಿನೋವು. ಸುಮ್ನೆ ಮೇಲೆಯೇ ಕೂತಿರಲಾ?

ಉತ್ತರ: ಬಿಡುವುದಿಲ್ಲ. 2006ರಿಂದ ಆ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಲೂ ಈಜುವ ಹಾಗಿಲ್ಲ. ಇಷ್ಟು ಚೆಂದದ ನೀರು ಇಟ್ಟುಕೊಂಡು ಇದೆಂಥ ಜಿಪುಣತನ ಅಂತ ಅಳಿಯಂದಿರು ಕೇಳಬಹುದು. ಕಾರಣ ಅಲ್ಲಿನ ಕಲ್ಲು.

ಆ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ನೀರು ಧುಮುಕಿ ಚಿಮ್ಮುವಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಸುಣ್ಣ ಅಲ್ಲೇ ಇರುವ ಪಾಚಿ, ಕಡ್ಡಿಗಳಿಗೆ ಮೆತ್ತಿಕೊಳ್ಳುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ವಾ, ಹಾಗೆ. ಮರದ ಕಾಲುದಾರಿಯಲ್ಲಿ ನಿಂತು ಅಂಚಿನ ಪಾಚಿಯನ್ನು ಬಗ್ಗಿ ನೋಡಿ. ತುದಿ ಹಸಿರು, ಮೆತ್ತಗೆ. ಬುಡ ಆಗಲೇ ಕಲ್ಲು, ತೂತುತೂತು. ಅಲ್ಲಿನ 16 ಸರೋವರಗಳನ್ನು ತಡೆದು ನಿಲ್ಲಿಸಿರುವುದು ಇದೇ ಕಲ್ಲಿನ ಕಟ್ಟೆಗಳು. ಇನ್ನೂ ಬೆಳೆಯುತ್ತಲೇ ಇವೆ. ಕಾಲಿಟ್ಟರೆ ಪುಡಿಯಾಗುತ್ತವೆ. ನನ್ನನ್ನು ಕೇಳಿದರೆ ನಿಷೇಧ ಸರಿಯಾಗಿಯೇ ಇದೆ.

ಇನ್ನು ನಿಮ್ಮ ಮಂಡಿ. ಮೊದಲನೇ ಪ್ರವೇಶದ್ವಾರದಿಂದ ಒಳಗೆ ಹೋಗಿ. ಸ್ವಲ್ಪ ದೂರದಲ್ಲೇ ಕಣಿವೆಯ ಅಂಚು ಸಿಗುತ್ತದೆ. ಎದುರಿಗೇ 78 ಮೀಟರ್ ಎತ್ತರದಿಂದ ಬೀಳುವ ವೆಲಿಕಿ ಸ್ಲಾಪ್ (ಅದೇ ಆ ದೊಡ್ಡ ಜಲಪಾತ), ಕೆಳಗೆ ಹಸಿರು ನೀಲಿ ಸರೋವರಗಳು. ಬುಡಕ್ಕೆ ಇಳಿಯುವ ದಾರಿ ಅಂಕುಡೊಂಕು, ಮೆಟ್ಟಿಲೂ ಇವೆ. ಇಳಿದಷ್ಟೂ ಹತ್ತಲೇಬೇಕು! ಮೇಲಿನ ನೋಟವೇ ಹೆಚ್ಚು ಚೆಂದ ಅನ್ನುವವಳು ನಾನು, ಹಾಗಾಗಿ ಬೇಸರ ಬೇಡ. ದೋಣಿ ಮತ್ತು ಒಳಗೆ ಓಡಾಡುವ ಬಸ್ಸಿನ ಖರ್ಚು ಟಿಕೆಟ್‌ನಲ್ಲೇ ಸೇರಿದೆ.

ಜುಲೈನಲ್ಲಿ ಜನ ವಿಪರೀತ, ನೀರು ವಸಂತಕಾಲದಷ್ಟು ಇರುವುದಿಲ್ಲ. ಟಿಕೆಟ್‌ಗೆ ಪ್ರವೇಶದ ಸಮಯ ನಿಗದಿಯಾಗಿರುತ್ತದೆ. ಬೆಳಗಿನ ಮೊದಲ ಹೊತ್ತಿನದನ್ನೇ ಮುಂಚಿತವಾಗಿ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಕಾಲುದಾರಿಗೆ ಬಹಳ ಕಡೆ ಕಂಬಿ ಇಲ್ಲ, ಒದ್ದೆ ಹಲಗೆ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಹಳೇ ಗೈಡ್ ಪುಸ್ತಕ ನೋಡಿ ಕೂನಾ ನೋಟು ಹುಡುಕಬೇಡಿ, 2023ರಿಂದ ಅಲ್ಲಿ ಯೂರೋ.

ಅಳಿಯಂದಿರ ಈಜುಡುಗೆ ಪೆಟ್ಟಿಗೆಯಲ್ಲೇ ಇರಲಿ. ಜಲಪಾತದ ಕೆಳಗೆ ಇದೇ ನೀರು ಕೊರಾನಾ ನದಿಯಾಗಿ ಕಾರ್ಲೊವಾತ್ಸ್ ಊರಿನವರೆಗೂ ಹರಿಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ಊರವರೆಲ್ಲ ನದಿಗೇ ಇಳಿದು ಈಜುತ್ತಾರೆ. ರಾಜಧಾನಿ ಜಾಗ್ರೆಬ್‌ಗೆ ವಾಪಸಾಗುವ ದಾರಿಯಲ್ಲೇ ಆ ಊರು ಸಿಗುತ್ತದೆ.