ಹಾಲು, ಗೋಧಿ ಆಗಿಬರದ ಮಗುವಿಗೆ ಯಾವ ಎಂಜೈಮ್ ಕೊಡಬೇಕು?

ಐದು ವರ್ಷದ ಮಗಳಿಗೆ ಹಾಲೂ ಆಗಲ್ಲ, ಗೋಧಿಯೂ ಆಗಲ್ಲ, ಗೋಧಿ ಬಿಡಿಸಿ ಎರಡು ವಾರವಾಯಿತು, ಇನ್ನು ಯಾವ ಎಂಜೈಮ್ ಕೊಡಲಿ ಅಂತ ಕೇಳಿದ್ದೀರಿ. ಓದಿ ಸಂಕಟವಾಯಿತು. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿಕೊಂಡು ಓಡಾಡಿದವಳು.

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಬಿಗಿದು ಉಬ್ಬುತ್ತಿತ್ತು. ಹಾಲು ಕುಡಿದ ದಿನ ಭೇದಿ. ಯಾರೋ ಹೇಳಿದರು ಅಂತ ಲ್ಯಾಕ್ಟೇಸ್ ಹನಿ ತಂದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆಯನ್ನು ಒಡೆಯುವ ಎಂಜೈಮ್ ಅದು. ನಾಲ್ಕೇ ದಿನದಲ್ಲಿ ಭೇದಿ ಕಡಿಮೆಯಾಯಿತು. ನನ್ನನ್ನು ದಾರಿ ತಪ್ಪಿಸಿದ್ದೇ ಆ ಗುಣ. ಹಾಲಿಗೆ ಒಂದು ಇದೆ ಅಂದಮೇಲೆ ಗೋಧಿಗೂ ಒಂದು ಇರಬೇಕು ಅಲ್ವಾ? ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನನ್ನು ಜೀರ್ಣ ಮಾಡಿಸುತ್ತದೆ ಅಂತ ಬರೆದಿದ್ದ ಕ್ಯಾಪ್ಸೂಲ್ ತಂದೆ. ಗೋಧಿಯನ್ನೂ ಹೆಚ್ಚುಕಡಿಮೆ ನಿಲ್ಲಿಸಿದೆ. ಬ್ರೆಡ್ಡಿಗೆ ತುಂಬಾ ಹಟ ಮಾಡಿದರೆ ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ಕಿವುಚಿದ ಬಾಳೆಹಣ್ಣಿನಲ್ಲಿ ಕಲಸಿ ತಿನ್ನಿಸುತ್ತಿದ್ದೆ. ತುಟಿಯ ಅಂಚು ಕೆಂಪಾಗಿ "ಉರಿ ಅಮ್ಮಾ" ಅನ್ನುತ್ತಿದ್ದ. ಪ್ರೋಟೀನ್ ಒಡೆಯುವ ಪುಡಿ ಬಾಯಿಗೆ ತಾಗಿದರೆ ಅಲ್ಲೂ ಉರಿಸಬಹುದು ಅಂತ ಆಮೇಲೆ ಗೊತ್ತಾಯಿತು.

ಐದು ತಿಂಗಳಾದ ಮೇಲೆ ಡಾಕ್ಟರ ಹತ್ತಿರ ಹೋದೆವು. ಸೀಲಿಯಾಕ್ ಕಾಯಿಲೆ ಇದೆಯಾ ನೋಡೋಣ ಅಂತ ರಕ್ತಪರೀಕ್ಷೆ ಬರೆದುಕೊಟ್ಟರು. "ಗೋಧಿ ತಿನ್ನುತ್ತಾನಾ?" ಅಂದರು. "ಹ್ಞೂಂ, ತಿನ್ನುತ್ತಾನೆ" ಅಂದೆ. ಆಗೀಗ ಒಂದು ತುಂಡು ತಿನ್ನುತ್ತಿದ್ದನಲ್ಲ. ಐದು ತಿಂಗಳಿಂದ ನಿಲ್ಲಿಸಿದ್ದೇನೆ ಅಂತ ಬಾಯಿಬಿಡಲಿಲ್ಲ. ಬೈಯುತ್ತಾರೆ ಅಂತ ಕ್ಯಾಪ್ಸೂಲಿನ ಸುದ್ದಿಯನ್ನೂ ಎತ್ತಲಿಲ್ಲ. ರಿಪೋರ್ಟ್ ನಾರ್ಮಲ್ ಬಂತು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಈಗ ಇದೇ ದಾರಿ ಹಿಡಿದಿದ್ದೀರಿ. ಸೀಲಿಯಾಕ್ ಇದ್ದವರು ಗ್ಲುಟೆನ್ ತಿಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಗ ಹುಟ್ಟುವ, ಟಿಟಿಜಿ ಅನ್ನುವ ದೇಹದ್ದೇ ಎಂಜೈಮಿನ ವಿರುದ್ಧದ ಆಂಟಿಬಾಡಿಯನ್ನು ರಕ್ತದಲ್ಲಿ ಹುಡುಕುತ್ತಾರೆ. ಗೋಧಿ ನಿಲ್ಲಿಸಿದರೆ ತಿಂಗಳು ಕಳೆದಂತೆ ಆ ಆಂಟಿಬಾಡಿ ಇಳಿಯುತ್ತಾ ಹೋಗುತ್ತದೆ. ಒಳಗೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು. ಸಾಕ್ಷಿಯನ್ನು ನಾನೇ ಕೈಯಾರೆ ಅಳಿಸಿ, ಆಮೇಲೆ ಮಗನ ರಕ್ತ ಕೊಡಿಸಿದ್ದೆ. ಆ ಕಾಗದ ನಂಬಿಕೊಂಡು, ಕ್ಯಾಪ್ಸೂಲ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ, ವಾರಕ್ಕೆರಡು ಸಲ ಬ್ರೆಡ್ ಕೊಡಲು ಶುರು ಮಾಡಿದೆ.

ಒಂದು ವರ್ಷ ಹೋಯಿತು. ಬೆಳೆಯುವ ಹುಡುಗ ಅಂತ ಅವನ ಪ್ಯಾಂಟಿನ ಕಾಲನ್ನು ಎರಡು ಮಡಿಕೆ ಒಳಗೆ ಹಾಕಿ ಹೊಲಿದಿದ್ದೆ. ಬಟ್ಟೆ ಮಡಚುವಾಗ ಒಂದು ದಿನ ಆ ಹೊಲಿಗೆ ಕಣ್ಣಿಗೆ ಬಿತ್ತು. ಬಿಚ್ಚಬೇಕಾಗಿಯೇ ಬಂದಿರಲಿಲ್ಲ. ಎದೆ ಧಸಕ್ಕೆಂದಿತು.

ಈ ಸಲ ಇನ್ನೊಬ್ಬ ಡಾಕ್ಟರಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಹೇಳಿದಂತೆ ಕೆಲವು ವಾರ ದಿನಾ ಗೋಧಿ ತಿನ್ನಿಸಿ ಮತ್ತೆ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ. ಸೀಲಿಯಾಕೇ. ರಕ್ತದಲ್ಲಿ ಕಬ್ಬಿಣದ ಅಂಶವೂ ಕಡಿಮೆ. ಹಾಲು ಆಗದಿದ್ದದ್ದೂ ಸೀಲಿಯಾಕಿನಿಂದಲೇ. ಲ್ಯಾಕ್ಟೇಸ್ ಇರುವುದು ಕರುಳಿನ ಒಳಗೋಡೆಯ ಸಣ್ಣ ಎಳೆಗಳ ತುದಿಯಲ್ಲಿ, ಅವೇ ಸವೆದುಹೋಗಿದ್ದವು. ಗ್ಲುಟೆನ್ ಪೂರ್ತಿ ಬಿಟ್ಟು ಎಂಟು ತಿಂಗಳಿಗೆ ಹನಿ ಇಲ್ಲದೆಯೇ ಹಾಲು ಕುಡಿದ.

ಹಾಗಾಗಿ 'ಯಾವ ಎಂಜೈಮ್' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಆಗಿಬರಲ್ಲ ಅನ್ನುವುದು ಕಾಯಿಲೆಯ ಹೆಸರಲ್ಲ. ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಅಂತ ಖಚಿತವಾದರೆ ಲ್ಯಾಕ್ಟೇಸ್ ಕೊಡಿ, ಒಳ್ಳೆಯದೇ. ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದರೆ ಅದರಿಂದ ಏನೂ ಉಪಯೋಗವಿಲ್ಲ. ಮೈಮೇಲೆ ದದ್ದು, ಮುಖ ಊತ, ಉಸಿರಾಟದ ತೊಂದರೆ ಕಂಡಿದ್ದರೆ ಎಂಜೈಮ್ ನಂಬಿ ಒಂದು ತೊಟ್ಟು ಹಾಲೂ ಕುಡಿಸಬೇಡಿ. ಸೀಲಿಯಾಕ್‌ಗೆ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಸಿಸ್ಟಿಕ್ ಫೈಬ್ರೋಸಿಸ್‌ನಂಥ, ಜೀರ್ಣರಸ ಕರುಳಿಗೆ ಸರಿಯಾಗಿ ಇಳಿಯದ ಕಾಯಿಲೆ ಇರುವ ಮಕ್ಕಳಿಗೆ ಎಂಜೈಮ್ ನಿಜವಾಗಿಯೂ ಬೇಕು, ಅದನ್ನು ಡಾಕ್ಟರೇ ಲೆಕ್ಕ ಹಾಕಿ ಕೊಡುತ್ತಾರೆ. ಐದಾರು ಎಂಜೈಮ್ ಬೆರೆಸಿದ ಡಬ್ಬಿಯನ್ನು ಸುಮ್ನೆ ನೋಡೋಣ ಅಂತ ಮಗುವಿಗೆ ಕೊಡುವುದು ನನಗೆ ಸುತಾರಾಂ ಇಷ್ಟವಿಲ್ಲ.

ಎರಡೇ ವಾರ ಆಗಿದೆ ಅಂದಿರಿ, ಜಾಸ್ತಿ ತಡವಾಗಿಲ್ಲ. ಈ ವಾರವೇ ಮಕ್ಕಳ ಡಾಕ್ಟರನ್ನು ಕಾಣಿ. ಗೋಧಿ ನಿಲ್ಲಿಸಿದ ತಾರೀಖು ಬರೆದುಕೊಂಡು ಹೋಗಿ. ಮತ್ತೆ ಕೊಡಬೇಕಾ, ಎಷ್ಟು ದಿನ ಕೊಡಬೇಕು ಅಂತ ಅವರು ಹೇಳಲಿ. ಮನೆಯಲ್ಲಿ ಈಗಾಗಲೇ ಡಬ್ಬಿ ತಂದಿದ್ದರೆ ಅದನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ನಾನು ನನ್ನದನ್ನು ಅಡುಗೆಮನೆಯ ಕಪಾಟಿನಲ್ಲೇ ಬಿಟ್ಟು ಹೋಗಿದ್ದೆ.