ಹರಿವಿನ ಅಳತೆ: ನಿಮ್ಮ ಲೇಖನ ವಾಪಸು ಕಳಿಸುತ್ತಾ

ನಮಸ್ಕಾರ.

‘ದ್ರವಗಳ ವೇಗವನ್ನು ಅಳೆಯುವ ಎಂಟು ವಿಧಾನಗಳು’ ಓದಿದೆವು. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬುಟ್ಟಿಗೆ ಎಸೆಯುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮುಖ್ಯ ತಕರಾರು ಒಂದೇ. ಪಿಟೋ ಕೊಳವೆ (ಹರಿವಿಗೆ ಎದುರಾಗಿ ಮೂತಿಯೊಡ್ಡುವ ಕೊಳವೆ) ವೇಗ ಅಳೆಯುತ್ತದೆ, ಹಾಟ್‌ವೈರ್ (ಕರೆಂಟಿನಿಂದ ಕಾಯಿಸಿದ ಸಣ್ಣ ತಂತಿ) ವೇಗ ಅಳೆಯುತ್ತದೆ, ಪಿಐವಿಯೂ (ಹರಿವಿಗೆ ಬೆರೆಸಿದ ಕಣಗಳ ಚಿತ್ರ ತೆಗೆಯುವ ವಿಧಾನ) ವೇಗ ಅಳೆಯುತ್ತದೆ ಎಂದು ಬರೆದುಕೊಂಡು ಹೋಗಿದ್ದೀರಿ. ಇವು ಮೂರೂ ವೇಗವನ್ನು ಮುಟ್ಟುವುದೇ ಇಲ್ಲ. ಪಿಟೋಗೆ ಸಿಗುವುದು ಒತ್ತಡದ ವ್ಯತ್ಯಾಸ, ಹಾಟ್‌ವೈರ್‌ಗೆ ವೋಲ್ಟೇಜು, ಪಿಐವಿಗೆ ಎರಡು ಚಿತ್ರಗಳ ನಡುವೆ ಚುಕ್ಕಿಗಳು ಸರಿದ ದೂರ. ಅಲ್ಲಿಂದ ವೇಗದವರೆಗಿನ ದಾರಿಯಲ್ಲೇ ತಪ್ಪುಗಳು ನುಸುಳುವುದು. ನೀವು ದಾರಿಯನ್ನು ಬಿಟ್ಟು ಅಂಗಡಿಯ ಕ್ಯಾಟಲಾಗು ಕೊಟ್ಟಿದ್ದೀರಿ.

ಟೇಬಲ್ ಫ್ಯಾನಿನ ಮುಂದೆ ಪಿಟೋ ಕೊಳವೆ ಹಿಡಿದು, ನೀರು ತುಂಬಿದ ಯು ಆಕಾರದ ಕೊಳವೆಗೆ (ಮಾನೋಮೀಟರಿಗೆ) ಜೋಡಿಸಿದರೆ ಸೆಕೆಂಡಿಗೆ 1 ಮೀಟರ್ ವೇಗದ ಗಾಳಿಯನ್ನು ‘ಸುಲಭವಾಗಿ ಅಳೆಯಬಹುದು’ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿದಿರಾ? ಒತ್ತಡದ ವ್ಯತ್ಯಾಸ ಎಂದರೆ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ನೀವು ಕೊಟ್ಟ 1.2 ಕೆ.ಜಿ. ಪ್ರತಿ ಘನ ಮೀಟರ್ ಸಾಂದ್ರತೆಯನ್ನೇ ಹಿಡಿದರೆ ಬರುವುದು 0.6 ಪಾಸ್ಕಲ್. ನೀರಿನ ಮಟ್ಟದಲ್ಲಿ ಅದು 0.06 ಮಿ.ಮೀ. ಕೂದಲೆಳೆಯ ವ್ಯತ್ಯಾಸ ಎಂದು ಮಾತಿಗೆ ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಗಾಜಿಗಂಟಿದ ನೀರಿನ ಬಾಗು ಅದಕ್ಕಿಂತ ದಪ್ಪ ಇರುತ್ತದೆ. ಸೆಕೆಂಡಿಗೆ 10 ಮೀಟರ್ ಆದರೆ 60 ಪಾಸ್ಕಲ್, ಸುಮಾರು 6 ಮಿ.ಮೀ.; ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿಸಿದ ಮಾನೋಮೀಟರಿನಲ್ಲಿ ಅದೇ 6 ಸೆಂ.ಮೀ. ಓದುವಾಗ 1 ಮಿ.ಮೀ. ತಪ್ಪಿದರೂ ವೇಗದಲ್ಲಿ ಶೇ. 1ಕ್ಕಿಂತ ಕಡಿಮೆ ತಪ್ಪು. ವೇಗ ಹತ್ತರಲ್ಲೊಂದಾದರೆ ಒತ್ತಡ ನೂರರಲ್ಲೊಂದಾಗುತ್ತದೆ ಎಂಬ ಈ ಒಂದು ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನು ಆ 1.2. ಪ್ರಯೋಗ ಬೆಂಗಳೂರಿನಲ್ಲಿ ನಡೆಯಿತು ಎಂದು ನೀವೇ ಬರೆದಿದ್ದೀರಿ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. 25 ಡಿಗ್ರಿಯಲ್ಲಿ ಸಾಂದ್ರತೆ 1.06ರ ಆಸುಪಾಸು. ಪುಸ್ತಕದ 1.2 ಹಾಕಿದರೆ ವೇಗ ಶೇ. 6ರಷ್ಟು ಕಡಿಮೆ ಬರುತ್ತದೆ. ಬಾರೋಮೀಟರು, ಥರ್ಮಾಮೀಟರು ನೋಡಿ ಸಾಂದ್ರತೆ ಲೆಕ್ಕ ಹಾಕುವುದನ್ನು ಪ್ರಯೋಗದ ಮೊದಲ ಹೆಜ್ಜೆಯಾಗಿ ಬರೆಯಿರಿ.

ಚಿತ್ರ 2 ತಪ್ಪು. ಸ್ಥಿರ ಒತ್ತಡದ, ಅಂದರೆ ಪಕ್ಕದಲ್ಲಿ ಹಾದುಹೋಗುವ ಗಾಳಿಯ ಒತ್ತಡ ಹಿಡಿಯುವ ತೂತುಗಳನ್ನು ಮೂತಿಯ ದುಂಡು ಭಾಗದ ಮೇಲೇ ಇಟ್ಟಿದ್ದೀರಿ. ಗಾಳಿ ಅಲ್ಲಿ ಬಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಒತ್ತಡ ನಿಜಕ್ಕಿಂತ ಕಡಿಮೆ ತೋರುತ್ತದೆ. ಪ್ರಾಂಟ್ಲ್ ಮಾದರಿಯ ಪಿಟೋ ಕೊಳವೆಯಲ್ಲಿ ತೂತುಗಳು ಮೂತಿಯಿಂದ ಕೊಳವೆಯ ವ್ಯಾಸದ 3 ಪಟ್ಟು ಹಿಂದೆ, ಕೊಳವೆಯನ್ನು ಹಿಡಿದಿರುವ ಕಾಂಡದಿಂದ 8–10 ಪಟ್ಟು ಮುಂದೆ ಇರುತ್ತವೆ. ತೂತಿನ ಅಂಚಿನಲ್ಲಿ ಕೊರೆದ ಲೋಹದ ಸಿಬರು ಉಳಿದರೂ ಓದು ಕೆಡುತ್ತದೆ. ಅಷ್ಟೇ ಅಲ್ಲ, ಫ್ಯಾನಿನ ಗಾಳಿ ಸುತ್ತುತ್ತಾ ಬರುತ್ತದೆ. ಕೊಳವೆ ಗಾಳಿಗೆ 10–15 ಡಿಗ್ರಿಗಿಂತ ಓರೆಯಾದರೆ ಓದನ್ನು ನಂಬುವಂತಿಲ್ಲ. ಫ್ಯಾನಿನ ಮುಂದೆ ಸ್ಟ್ರಾಗಳ ಕಟ್ಟು ಇಟ್ಟರೆ ಆ ಸುತ್ತು ಬಹುಮಟ್ಟಿಗೆ ಹೋಗುತ್ತದೆ.

ಅಂದಹಾಗೆ, ಪಿಟೋ ಕೊಳವೆ ‘ವಿಮಾನಗಳಿಗಾಗಿ ಕಂಡುಹಿಡಿದದ್ದು’ ಅಲ್ಲ. ಆನ್ರಿ ಪಿಟೋ ಅದನ್ನು 1732ರಲ್ಲಿ ಪ್ಯಾರಿಸ್‌ನ ಸೇನ್ ನದಿಗೆ ಇಳಿಸಿದ. ಆಳಕ್ಕೆ ಹೋದಂತೆ ನೀರಿನ ವೇಗ ಹೆಚ್ಚುತ್ತದೆ ಎಂಬ ಆ ಕಾಲದ ನಂಬಿಕೆಯನ್ನು ಅದು ಸುಳ್ಳು ಮಾಡಿತು. ಲೇಖನ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಹಾಟ್‌ವೈರ್ ಬಗ್ಗೆ: ‘ಗಾಳಿ ಜೋರಾದಾಗ ತಂತಿಯ ಉಷ್ಣತೆ ಇಳಿಯುತ್ತದೆ, ಅದನ್ನು ಅಳೆಯುತ್ತಾರೆ’ ಎಂದಿದ್ದೀರಿ. ಹೆಚ್ಚಾಗಿ ಬಳಕೆಯಲ್ಲಿರುವ ಸರ್ಕ್ಯೂಟ್ ಉಷ್ಣತೆಯನ್ನು ಇಳಿಯಲು ಬಿಡುವುದೇ ಇಲ್ಲ. 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪ, 1 ಮಿ.ಮೀ.ಗಿಂತ ತುಸು ಉದ್ದದ ಟಂಗ್‌ಸ್ಟನ್ ತಂತಿಯನ್ನು ಸುಮಾರು 250 ಡಿಗ್ರಿಯಲ್ಲೇ ಹಿಡಿದಿಡಲು ಹೆಚ್ಚು ಕರೆಂಟು ಕೊಡುತ್ತದೆ. ನಾವು ಓದುವುದು ಆ ವೋಲ್ಟೇಜು. ವೋಲ್ಟೇಜಿಗೂ ವೇಗಕ್ಕೂ ನೇರ ಅನುಪಾತವಿಲ್ಲ, ಹಾಗಾಗಿ ಪ್ರಯೋಗದ ದಿನವೇ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಬೇರೆ ಉಪಕರಣದ ಓದಿಗೆ ತಾಳೆ ಹಾಕಬೇಕು. ಯಾವುದರ ಎದುರು? ಸಾಮಾನ್ಯವಾಗಿ ಪಿಟೋ ಎದುರು. ಅಂದರೆ ಅಲ್ಲಿನ ಶೇ. 6 ತಪ್ಪು ಇಲ್ಲಿಗೂ ದಾಟುತ್ತದೆ. ಮಧ್ಯಾಹ್ನ ಕೋಣೆ 1 ಡಿಗ್ರಿ ಬಿಸಿಯಾದರೆ ವೇಗದಲ್ಲಿ ಇನ್ನೊಂದು ಶೇ. 2ರಷ್ಟು ವ್ಯತ್ಯಾಸ. ಒಂಟಿ ತಂತಿಗೆ ಹಿಂದು ಮುಂದು ತಿಳಿಯುವುದಿಲ್ಲ: ಕಂಬದ ಬೆನ್ನ ಹಿಂದೆ ವಾಪಸು ತಿರುಗುವ ಗಾಳಿಯನ್ನೂ ಮುಂದಕ್ಕೆ ಹೋಗುವ ಗಾಳಿ ಎಂದೇ ಓದುತ್ತದೆ. ನಿಮ್ಮ ಚಿತ್ರ 5 ಅದೇ ಜಾಗದ್ದು, ತೆಗೆದುಬಿಡಿ.

ಪಿಐವಿ ಭಾಗ ಪರವಾಗಿಲ್ಲ, ಟಾಲ್ಕಂ ಪೌಡರ್ ಒಂದನ್ನು ಬಿಟ್ಟರೆ. ಅದು ನೀರಿಗಿಂತ 2.7 ಪಟ್ಟು ಭಾರ. 20 ಮೈಕ್ರಾನ್ ಕಣ ಸೆಕೆಂಡಿಗೆ ಸುಮಾರು 0.4 ಮಿ.ಮೀ. ಕೆಳಗಿಳಿಯುತ್ತದೆ. ನಿಮ್ಮ ತೊಟ್ಟಿಯ ಹರಿವೇ ಸೆಕೆಂಡಿಗೆ 5 ಮಿ.ಮೀ.; ಹತ್ತು ನಿಮಿಷದಲ್ಲಿ ಪುಡಿಯೆಲ್ಲ ತಳ ಸೇರಿರುತ್ತದೆ. ನೀರಿನಷ್ಟೇ ಸಾಂದ್ರತೆಗೆ ಹತ್ತಿರವಿರುವ, 10 ಮೈಕ್ರಾನ್‌ನ ಟೊಳ್ಳು ಗಾಜಿನ ಗುಂಡುಗಳನ್ನು ಹೇಳಿ.

ಎರಡು ಚಿತ್ರಗಳ ನಡುವಿನ ಸಮಯ ಎಷ್ಟು ಎಂದೂ ಬರೆದಿಲ್ಲ. 200 ಮಿ.ಮೀ. ಅಗಲವನ್ನು 2000 ಪಿಕ್ಸೆಲ್ ತುಂಬಿದರೆ ಪಿಕ್ಸೆಲ್‌ಗೆ 0.1 ಮಿ.ಮೀ. ಚಿತ್ರವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕದ ಕಣಗಳು ಎಷ್ಟು ಸರಿದವೆಂದು ಹುಡುಕುತ್ತಾರೆ; 32 ಪಿಕ್ಸೆಲ್‌ನ ಚೌಕದಲ್ಲಿ ಕಣ ಕಾಲು ಭಾಗ, ಅಂದರೆ 8 ಪಿಕ್ಸೆಲ್‌ಗಿಂತ ಹೆಚ್ಚು ಸರಿಯಬಾರದು: 0.8 ಮಿ.ಮೀ., ನಿಮ್ಮ ಹರಿವಿನಲ್ಲಿ 160 ಮಿಲಿಸೆಕೆಂಡು. ಸೆಕೆಂಡಿಗೆ 30 ಫ್ರೇಮಿನ ಕ್ಯಾಮೆರಾದಲ್ಲಿ ಒಂದನೆಯ ಫ್ರೇಮಿಗೆ ಐದನೆಯದನ್ನು ಜೋಡಿ ಮಾಡಿದರೆ ಸುಮಾರು 133 ಮಿಲಿಸೆಕೆಂಡು, ಮಿತಿಯೊಳಗೇ. ಲಕ್ಷಾಂತರ ರೂಪಾಯಿಯ ಜೋಡಿ ಪಲ್ಸ್ ಲೇಸರನ್ನು ಇಲ್ಲಿಗೆ ಎಳೆದು ತರಬೇಕಿಲ್ಲ. ಕೊನೆಗೆ, ಸರಿದ ದೂರಗಳ ಹಿಸ್ಟೋಗ್ರಾಮ್ (ಯಾವ ದೂರ ಎಷ್ಟು ಸಲ ಬಂತು ಎಂದು ತೋರಿಸುವ ಚಿತ್ರ) ಹಾಕಿ. 3, 4, 5 ಎಂಬ ಪೂರ್ಣ ಪಿಕ್ಸೆಲ್‌ಗಳ ಮೇಲೇ ಗುಡ್ಡೆಗಳೆದ್ದರೆ ಕಣದ ಚಿತ್ರ ತೀರಾ ಚಿಕ್ಕದಾಗಿದೆ ಎಂದರ್ಥ. ಫೋಕಸನ್ನು ಚೂರು ಸಡಿಲಿಸಿ, ಕಣ 2–3 ಪಿಕ್ಸೆಲ್ ಅಗಲ ಆಗಲಿ.

ಸತೀಶ್ ಧವನ್ ಹೆಸರನ್ನು ಇಸ್ರೋ ಅಧ್ಯಕ್ಷರೆಂದಷ್ಟೇ ತಂದಿದ್ದೀರಿ. ಗೋಡೆಯ ಮೇಲೆ ಗಾಳಿ ಉಜ್ಜುವ ಬಲವನ್ನು, ಗೋಡೆಯ ಒಂದು ತುಣುಕನ್ನೇ ಬಿಡಿಯಾಗಿ ನಿಲ್ಲಿಸಿ ನೇರವಾಗಿ ಅಳೆದವರು ಅವರು. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಆ ಕೆಲಸ 1953ರಲ್ಲಿ ನಾಕಾ (ನಾಸಾಗೆ ಮೊದಲಿದ್ದ ಸಂಸ್ಥೆ) ವರದಿಯಾಗಿ ಬಂತು. ಹೆಸರು ಉಳಿಸುವುದಾದರೆ ಇದಕ್ಕಾಗಿ ಉಳಿಸಿ.

ಭಾಷೆ: ‘ಅಳೆಯಲ್ಪಡುತ್ತದೆ’, ‘ಜೋಡಿಸಲ್ಪಟ್ಟಿರುತ್ತದೆ’ ಇವನ್ನೆಲ್ಲ ಕಿತ್ತುಹಾಕಿ, ಅಳೆಯುತ್ತಾರೆ, ಜೋಡಿಸಿರುತ್ತಾರೆ. ಶೀರ್ಷಿಕೆಯ ‘ದ್ರವ’ದಲ್ಲಿ ಗಾಳಿ ಸೇರುವುದಿಲ್ಲ, ನಿಮ್ಮ ಅರ್ಧ ಲೇಖನ ಗಾಳಿಯದು. ‘ಹರಿವು’ ಸಾಕು.

ಎಂಟರಲ್ಲಿ ಈ ಮೂರನ್ನು ಇಟ್ಟುಕೊಂಡು 1200 ಪದಗಳಲ್ಲಿ ಮತ್ತೆ ಬರೆಯಿರಿ. ಚಿತ್ರ 2ನ್ನು ಅಳತೆ ಸಮೇತ ಹೊಸದಾಗಿ ಬಿಡಿಸಿ. ಮಾನೋಮೀಟರಿನಲ್ಲಿ ಓದಿದ ಸಂಖ್ಯೆಗಳನ್ನು ತಿದ್ದದೆ ಹಾಗೆಯೇ ಕಳಿಸಿ, ಲೆಕ್ಕ ನಾವೂ ಒಮ್ಮೆ ಹಾಕಿ ನೋಡುತ್ತೇವೆ.

– ಸಂಪಾದಕರು