ಹೊಲಿಗೆ ಬಿಚ್ಚಿದರೆ ಗೊತ್ತಾಗುತ್ತೆ

ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಮೊದಲ ಸಲ ಬಂದಾಗ ಅವರ ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ ಇತ್ತು. ಕೂತ ತಕ್ಷಣ ಅದನ್ನು ನನ್ನ ಮುಂದೆ ತೆರೆದಿಟ್ಟರು. ಪುಟದ ತುಂಬ ನಾಲ್ಕು ಬಣ್ಣ. ಹಳದಿ ಬಳಿದದ್ದು ಅರ್ಥ ವಿವರಣೆಗೆ, ಗುಲಾಬಿ ಸೂತ್ರಕ್ಕೆ, ಹಸಿರು ಉದಾಹರಣೆಗೆ, ನೀಲಿ 'ಪರೀಕ್ಷೆಗೆ ಬರಬಹುದು' ಅನ್ನೋದಕ್ಕೆ. ಮಧ್ಯೆ ಮಧ್ಯೆ ಸ್ಕೇಲ್ ಇಟ್ಟು ಗೀಚಿದ ಚಾರ್ಟ್‌ಗಳು. ನೋಡೋಕೆ ನಿಜಕ್ಕೂ ಚೆಂದ ಇತ್ತು.

"ಇಷ್ಟೆಲ್ಲ ಮಾಡ್ತೀನಿ ಮೇಡಂ. ಆದ್ರೂ ಎರಡು ಸಲ ಫೇಲ್" ಅಂದರು.

ವಯಸ್ಸು 34. ಕಚೇರಿ ಕೆಲಸ. ಬಡ್ತಿ ಸಿಗಬೇಕಾದರೆ ಅಕೌಂಟ್ಸ್ ಪರೀಕ್ಷೆ ಪಾಸಾಗಬೇಕು. ಕಾಲೇಜು ಮುಗಿಸಿ 12 ವರ್ಷ ಆಗಿದೆ, ಪುಸ್ತಕ ಹಿಡಿಯುವ ಅಭ್ಯಾಸವೇ ತಪ್ಪಿಹೋಗಿದೆ. ಮೊದಲ ಸಲ ಫೇಲಾದ ಮೇಲೆ ಮೊಬೈಲಿನಲ್ಲಿ ಒಂದು ಕ್ವಿಜ್ ಮಾಡಿದ್ದರು. 'ನೀವು ವಿಷುವಲ್ ಲರ್ನರ್' ಅಂತ ಅದು ಹೇಳಿತ್ತು. ಅಂದರೆ ನೋಡಿ ಕಲಿಯುವವರು. ಅವತ್ತಿನಿಂದ ಶುರುವಾದದ್ದು ಈ ಬಣ್ಣ, ಈ ಚಾರ್ಟ್, ರಾತ್ರಿ ಹೊತ್ತು ಒಂದರ ಹಿಂದೆ ಒಂದು ವಿಡಿಯೋ. ಎರಡನೇ ಸಲವೂ ಫೇಲಾದಾಗ ಅನುಮಾನ ಬಂದಿದ್ದು ಕ್ವಿಜ್ ಮೇಲೆ.

"ಅದು ತಪ್ಪು ಹೇಳಿರ್ಬೇಕು. ನಾನು ಕೇಳಿ ಕಲಿಯೋಳೇನೋ. ನಿಮ್ಮ ಹತ್ರ ಸರಿಯಾದ ಟೆಸ್ಟ್ ಇರುತ್ತಲ್ವಾ? ಮಾಡಿ ಹೇಳಿಬಿಡಿ."

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಅಂಥ ಟೆಸ್ಟಿನ ಹಾಳೆಗಳು ನನ್ನ ಡ್ರಾಯರಿನಲ್ಲೂ ಇದ್ದವು. ಎಷ್ಟೋ ವರ್ಷ ಬಂದವರಿಗೆಲ್ಲ ಕೊಟ್ಟಿದ್ದೇನೆ. ಜನಕ್ಕೆ ಖುಷಿಯಾಗುತ್ತಿತ್ತು. 'ಹೌದು, ಇದು ನಾನೇ' ಅನ್ನುತ್ತಿದ್ದರು. ಯಾರಿಗಾದರೂ ಅಂಕ ಜಾಸ್ತಿ ಬಂತಾ ಅಂತ ನಾನು ತಿರುಗಿ ನೋಡಿದ್ದು ಕಡಿಮೆ.

ನೋಡಿ, ಕೇಳಿ, ಓದಿ ಬರೆದು, ಕೈಯಾರೆ ಮಾಡಿ ಎಂಬ ನಾಲ್ಕು ಗುಂಪಿನ ಪ್ರಶ್ನಾವಳಿಯನ್ನು ಎಲ್ಲ ಕಡೆ ಹರಡಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. 1992ರಲ್ಲಿ ಸಹೋದ್ಯೋಗಿಯ ಜೊತೆ ಸೇರಿ ಅದರ ಬಗ್ಗೆ ಬರೆದರು. ಪಾಪ, ಅವರೂ ಅದನ್ನು ತನ್ನ ಬಗ್ಗೆ ತಾನು ಯೋಚಿಸೋಕೆ ಒಂದು ನೆಪ ಅಂತಲೇ ಮುಂದಿಟ್ಟಿದ್ದರು. ಆಮೇಲೆ ಅದು ರಕ್ತದ ಗುಂಪಿನ ಥರ ಆಗಿಬಿಟ್ಟಿತು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಎಣಿಸಿದಾಗ ಇಂಥ 71 ಬೇರೆಬೇರೆ ಮಾದರಿಗಳು ಸಿಕ್ಕವು. ಒಬ್ಬ ಮನುಷ್ಯನನ್ನು 71 ಥರ ವಿಂಗಡಿಸಬಹುದು ಅಂದರೆ ಎಲ್ಲೋ ಏನೋ ಸಡಿಲ ಇದೆ ಅಂತಲೇ ಅರ್ಥ. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ನೋಡಿ ಕಲಿಯುವವರಿಗೆ ಚಿತ್ರ, ಕೇಳಿ ಕಲಿಯುವವರಿಗೆ ಮಾತು, ಹೀಗೆ ಹೊಂದಿಸಿ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನೋದಕ್ಕೆ ಗಟ್ಟಿ ಆಧಾರವೇ ಅವರಿಗೆ ಸಿಗಲಿಲ್ಲ.

ಇದನ್ನೆಲ್ಲ ಅವತ್ತೇ ಅವರ ಮೇಲೆ ಸುರಿಯಲಿಲ್ಲ. ಮೊದಲು ಬೇರೆ ಕೆಲವು ಕೇಳಿಕೊಂಡೆ. ಚಿಕ್ಕಂದಿನಿಂದ ಓದುವಾಗ ಅಕ್ಷರ ಅದಲು ಬದಲಾಗುತ್ತಿತ್ತಾ? ಬೇರೆಯವರಿಗಿಂತ ತುಂಬ ನಿಧಾನ ಇದ್ದಿರಾ? ಕಣ್ಣು, ನಿದ್ದೆ ಹೇಗಿದೆ? ಓದುವುದರಲ್ಲೇ ತೊಂದರೆ ಇದ್ದರೆ ಅದು ಬೇರೆ ವಿಷಯ, ಅದಕ್ಕೆ ತಜ್ಞರ ಪರೀಕ್ಷೆ ಬೇಕು. 'ಕಲಿಕೆಯ ಶೈಲಿ' ಅಂತ ತೇಪೆ ಹಚ್ಚಬಾರದು. ಇವರಿಗೆ ಅಂಥದ್ದೇನೂ ಇರಲಿಲ್ಲ. ನಿದ್ದೆ ಮಾತ್ರ ಕಡಿಮೆ, ವಿಡಿಯೋ ದೆಸೆಯಿಂದ.

ಆಮೇಲೆ ನೋಟ್‌ಬುಕ್ಕಿನಲ್ಲಿ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಪುಟ ತೋರಿಸಿ ಅಂದೆ. ಸವಕಳಿ ಲೆಕ್ಕದ ಪುಟ ತೋರಿಸಿದರು, ಅಂದರೆ ಯಂತ್ರ ಹಳೆಯದಾದ ಹಾಗೆ ಅದರ ಬೆಲೆ ಎಷ್ಟು ಇಳಿಯಿತು ಅನ್ನೋ ಲೆಕ್ಕ. ಇಳಿಕೆ ಶೇಷ ಪದ್ಧತಿ. ಯಂತ್ರದ ಬೆಲೆ 1,00,000. ವರ್ಷಕ್ಕೆ ಶೇಕಡಾ 20 ಸವಕಳಿ. ಎಲ್ಲ ಗುಲಾಬಿ, ಹಸಿರು. ನೋಟ್‌ಬುಕ್ ಮುಚ್ಚಿಸಿ ಒಂದು ಖಾಲಿ ಹಾಳೆ ಕೊಟ್ಟೆ. "ಎರಡನೇ ವರ್ಷದ ಸವಕಳಿ ಎಷ್ಟು?"

"ಇಪ್ಪತ್ತು ಸಾವಿರ."

"ಮೊದಲನೇ ವರ್ಷ?"

"ಅದೂ ಇಪ್ಪ..." ಅಂತ ನಿಂತರು. ಪೆನ್ನಿನ ತುದಿ ಹಾಳೆ ಮೇಲೇ ಇತ್ತು. ಒಂದು ಚುಕ್ಕೆ ಇಟ್ಟು, ಅದನ್ನೇ ತಿದ್ದಿ ತಿದ್ದಿ ದಪ್ಪ ಮಾಡುತ್ತಾ ಕೂತರು. ಮೊದಲ ವರ್ಷ 20,000 ಹೋದರೆ ಉಳಿಯೋದು 80,000. ಎರಡನೇ ವರ್ಷದ ಶೇಕಡಾ 20 ಹಿಡಿಯಬೇಕಾದದ್ದು ಆ ಉಳಿದದ್ದರ ಮೇಲೆ, ಅಂದರೆ 16,000. ಆ ಪದ್ಧತಿಯ ಹೆಸರಲ್ಲೇ ಉತ್ತರ ಇದೆ. ಅವರ ಪುಟದಲ್ಲೂ ಇತ್ತು, ಗುಲಾಬಿ ಬಣ್ಣದಲ್ಲಿ.

"ಓದುವಾಗ ಎಲ್ಲ ಗೊತ್ತಿತ್ತು ಮೇಡಂ" ಅಂದರು. ಕಣ್ಣಲ್ಲಿ ನೀರು.

ಗೊತ್ತಿದ್ದದ್ದು ಪುಟದ ಮುಖ. ದಿನಾ ಬಸ್ಸಿನಲ್ಲಿ ಸಿಗುವವರ ಮುಖ ಗೊತ್ತಿರುತ್ತೆ, ಹೆಸರು ಕೇಳಿದರೆ ಗೊತ್ತಿರಲ್ಲ. ಹಾಗೆ. ತಿರುತಿರುಗಿ ಓದಿದಾಗ ಪುಟ ಸಲೀಸಾಗಿ ಕಣ್ಣಿಗೆ ಜಾರುತ್ತೆ, ಆ ಸಲೀಸನ್ನೇ ನಾವು 'ಬಂತು' ಅಂದುಕೊಳ್ಳುತ್ತೇವೆ. ಅವರಿಗೆ ಒಂದು ಪ್ರಯೋಗದ ಕಥೆ ಹೇಳಿದೆ. 2006ರದ್ದು, ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ್ದು. ಕಾಲೇಜು ವಿದ್ಯಾರ್ಥಿಗಳು ಒಂದು ಸಣ್ಣ ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದು ಸಲ ಓದಿ, ಅದನ್ನು ನೋಡದೆ ನೆನಪಿದ್ದಷ್ಟು ಬರೆದರು. 5 ನಿಮಿಷ ಬಿಟ್ಟು ಕೇಳಿದರೆ ಎರಡು ಸಲ ಓದಿದ್ದು ಶೇಕಡಾ 81 ನೆನಪಿತ್ತು, ಬರೆದು ನೋಡಿದ್ದು 75. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವು. ಎರಡು ಸಲ ಓದಿದ್ದು 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು 56ರಲ್ಲಿ ನಿಂತಿತ್ತು.

"ನಿಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಇರಲ್ಲ, ಅಲ್ವಾ?" ಅಂದೆ. ಸ್ವಲ್ಪ ನಕ್ಕರು.

ಹೋಗುವ ಮುಂಚೆ ಇನ್ನೊಂದು ಮಾತು ಬಾಯಿಬಿಟ್ಟರು. ಪುಸ್ತಕದಲ್ಲಿ ಬರೀ ಬರಹ ಇರುವ ಮೂರು ಅಧ್ಯಾಯ ಇತ್ತಂತೆ. ಚಿತ್ರವಿಲ್ಲ, ಚಾರ್ಟಿಲ್ಲ. 'ನಾನು ನೋಡಿ ಕಲಿಯೋಳು, ಇದು ನನಗಲ್ಲ' ಅಂತ ಎರಡು ಸಲವೂ ಅದನ್ನು ಮುಟ್ಟೇ ಇರಲಿಲ್ಲ. ಹಣೆಪಟ್ಟಿಯ ಬಗ್ಗೆ ನನಗಿರುವ ಸಿಟ್ಟು ಇದೇ. ಅದು ದಾರಿ ತೋರಿಸೋದಕ್ಕಿಂತ ಜಾಸ್ತಿ ಬಾಗಿಲು ಹಾಕುತ್ತೆ.

ಎರಡನೇ ಭೇಟಿಗೆ ನಾನು ಟೆಸ್ಟ್ ಕೊಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ಯಾರೂ ಬಲವಂತ ಮಾಡದೆ ನೀವಾಗಿ ನೀವು ಚೆನ್ನಾಗಿ ಕಲಿತದ್ದು ಏನಾದ್ರೂ ಇದೆಯಾ?"

"ಏನೂ ಇಲ್ಲ ಮೇಡಂ."

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಹೊಲಿಗೆ ಬರುತ್ತೆ. ಅದೆಲ್ಲ ಲೆಕ್ಕಕ್ಕಿಲ್ಲ ಬಿಡಿ" ಅಂದರು.

ಲೆಕ್ಕಕ್ಕೆ ಇರೋದು ಅದೇ. ಹೇಗೆ ಕಲಿತಿರಿ ಅಂತ ಕೆದಕಿದೆ. ಒಂದು ತಿಂಗಳು ಹೊಲಿಗೆ ಕ್ಲಾಸಿಗೆ ಹೋಗಿದ್ದರಂತೆ. ಅಳತೆ, ಸೂತ್ರ ಅಂತ ಬರೆಸಿದ್ದರಂತೆ, ತಲೆಗೆ ಹೋಗಲಿಲ್ಲ. ಬಿಟ್ಟರು. ಆಮೇಲೆ ಒಂದು ದಿನ ತಮಗೆ ಸರಿಯಾಗಿ ಕೂರುತ್ತಿದ್ದ ಹಳೇ ಅಂಗಿ ತಗೊಂಡು, ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿದರು. ಒಂದೊಂದೇ ತುಂಡು ನೆಲದ ಮೇಲೆ ಹರಡಿದರು. ತೋಳಿನ ತುಂಡು ನೋಡಿ ಆಶ್ಚರ್ಯ. ಅದು ನೇರ ಇರುತ್ತೆ ಅಂದುಕೊಂಡಿದ್ದರು, ಮೇಲ್ಗಡೆ ಗುಡ್ಡದ ಹಾಗೆ ಉಬ್ಬಿತ್ತು. "ಯಾಕೆ ಹೀಗಿದೆ ಅಂತ ಹೆಗಲಿಗೆ ಇಟ್ಟು ನೋಡಿದೆ. ಆಗ ಗೊತ್ತಾಯ್ತು." ಅವೇ ತುಂಡುಗಳನ್ನು ತಿರುಗಿ ಸೇರಿಸಿ ಹೊಲಿದರು. ಒಂದು ತೋಳು ಒಳಗಡೆಯದು ಹೊರಗಾಗಿ ಬಂತು. ಮತ್ತೆ ಬಿಚ್ಚಿದರು. ಮೂರನೇ ಸಲಕ್ಕೆ ಸರಿಯಾಯಿತು.

ಇದನ್ನು ಹೇಳುವಾಗ ಅವರ ಕೈ ಗಾಳಿಯಲ್ಲಿ ತೋಳು ಕತ್ತರಿಸುತ್ತಿತ್ತು. ಫೇಲಾದವರ ದನಿಯೇ ಇರಲಿಲ್ಲ.

ಈ ಕಥೆಯಲ್ಲಿ ಅವರ ಕಣ್ಣು, ಕಿವಿ, ಕೈ ಯಾವುದು ಮುಖ್ಯ ಹೇಳಿ? ಎಲ್ಲವೂ ಇವೆ. ಅವರ ಒಲವು ಇರೋದು ಬೇರೆ ಕಡೆ. ಮೊದಲು ಪೂರ್ತಿಯಾದ ವಸ್ತು ಬೇಕು, ಸೂತ್ರ ಆಮೇಲೆ. ಅದನ್ನು ಬಿಚ್ಚಬೇಕು. ಒಬ್ಬರೇ ಇರಬೇಕು, ತಪ್ಪು ಮಾಡುವಾಗ ಯಾರೂ ನೋಡಬಾರದು. ಇದನ್ನು ಯಾವ ಕ್ವಿಜ್ಜೂ ಕೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಹುಟ್ಟಿದ್ದು ಅಲ್ಲಿಂದಲೇ. ಬಿಡಿಸಿದ ಲೆಕ್ಕ ಒಂದನ್ನು ತಗೊಳ್ಳಿ. ಮೇಲಿನಿಂದ ಓದಬೇಡಿ, ಕೊನೆಯ ಸಂಖ್ಯೆಯಿಂದ ಶುರು ಮಾಡಿ. 64,000 ಅಂತಿದೆ. ಇದು ಎಲ್ಲಿಂದ ಬಂತು? ಮೇಲಿನ ಸಾಲನ್ನು ಹಾಳೆಯಿಂದ ಮುಚ್ಚಿ, ನೀವೇ ಊಹಿಸಿ, ಆಮೇಲೆ ಸರಿಸಿ ನೋಡಿ. 80,000. ಅದು ಎಲ್ಲಿಂದ? ಹೀಗೆ ಮೇಲಿನವರೆಗೆ ಬಿಚ್ಚಿ. ಎಲ್ಲ ಬಿಚ್ಚಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ತಿರುಗಿ ಹೊಲಿಯಿರಿ. ಎರಡು ದಿನ ಬಿಟ್ಟು ಇನ್ನೊಂದು ಸಲ. ಈ ಕೊನೇ ಎರಡು ಹೆಜ್ಜೆ ಬಿಡುವ ಹಾಗಿಲ್ಲ ಅಂತ ಒತ್ತಿ ಹೇಳಿದೆ. ಹೊಸಬರಿಗೆ ಬಿಡಿಸಿದ ಲೆಕ್ಕ ನೋಡಿ ಕಲಿಯೋದು ಒಳ್ಳೆಯದು ಅಂತ ಸಂಶೋಧಕರಾದ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ಬೀಜಗಣಿತದಲ್ಲಿ ತೋರಿಸಿದ್ದಾರೆ. ಕೈ ಕುದುರಿದ ಮೇಲೆ ಅದರ ಉಪಯೋಗ ಕಡಿಮೆಯಾಗುತ್ತೆ. ಆಗ ನೇರವಾಗಿ ಬಿಡಿಸೋದೇ ಸರಿ.

ಆದರೆ ನನ್ನ ಊಹೆಯನ್ನೂ ನಂಬಬೇಡಿ ಅಂದೆ. ನಾನೂ ಒಂದು ಹಣೆಪಟ್ಟಿ ತೆಗೆದು ಇನ್ನೊಂದು ಅಂಟಿಸಿದರೆ ಏನು ಬಂತು? ಎರಡು ವಾರ ಪ್ರಯೋಗ ಮಾಡಿ. ಒಂದೇ ಅಧ್ಯಾಯದ ಬೇರೆಬೇರೆ ಭಾಗಗಳನ್ನು ಬೇರೆಬೇರೆ ಥರ ಓದಿ. ಒಂದು ಭಾಗಕ್ಕೆ ಬಣ್ಣ, ಒಂದಕ್ಕೆ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕೇಳೋದು, ಒಂದನ್ನು ಬಿಚ್ಚಿ ಹೊಲಿಯೋದು. ಪ್ರತಿಯೊಂದಕ್ಕೂ ಅಷ್ಟೇ ಹೊತ್ತು. ಓದಿದ ದಿನವೇ ಮೂರು ದಿನದ ನಂತರ ಹತ್ತಕ್ಕೆ ಎಷ್ಟು ಬರಬಹುದು ಅಂತ ಊಹೆ ಬರೆದಿಡಿ. ಮೂರು ದಿನ ಬಿಟ್ಟು ನೋಟ್‌ಬುಕ್ ಮುಚ್ಚಿ ಹತ್ತು ಪ್ರಶ್ನೆ ಬಿಡಿಸಿ, ನಿಜವಾಗಿ ಎಷ್ಟು ಬಂತು ಅಂತ ಪಕ್ಕದಲ್ಲಿ ಬರೀರಿ. ಅಷ್ಟೇ.

ಮೂರನೇ ಭೇಟಿಗೆ ತಂದ ಹಾಳೆ ನೋಡಿ ನನಗೂ ಆಶ್ಚರ್ಯ. ರೆಕಾರ್ಡಿಂಗ್ ಕೇಳೋದು ಅವರಿಗೆ ತುಂಬ ಇಷ್ಟವಾಗಿತ್ತು. ಊಹೆ 8 ಅಂತ ಬರೆದಿದ್ದರು, ಬಂದದ್ದು 3. ಬಿಚ್ಚಿ ಹೊಲಿಯೋದು ಕಿರಿಕಿರಿ, ಊಹೆ 5. ಬಂದದ್ದು 7. ಬಣ್ಣಕ್ಕೆ ಊಹೆ 7, ಬಂದದ್ದು 4. ಮೂರು ಸಾಲಿನ ಹಾಳೆ ಏನನ್ನೂ ಸಾಬೀತು ಮಾಡಲ್ಲ, ಗೊತ್ತು. ಆದರೆ ಅವರಿಗೆ ಅದು ಸಾಕಾಯಿತು. ಇಷ್ಟ ಆಗೋದು ಒಂದು, ಉಳಿಯೋದು ಇನ್ನೊಂದು ಅನ್ನೋದು ಅವರದೇ ಕೈಬರಹದಲ್ಲಿತ್ತು. 2017ರ ಒಂದು ಅಧ್ಯಯನದಲ್ಲೂ ಇದೇ ಥರ ಕಂಡಿತ್ತು. ಜನ ತಮ್ಮ ಶೈಲಿಗೆ ಹೊಂದುವುದು ಚೆನ್ನಾಗಿ ನೆನಪಿರುತ್ತೆ ಅಂದುಕೊಂಡರು, ನಿಜವಾಗಿ ನೆನಪಿದ್ದದ್ದಕ್ಕೂ ಶೈಲಿಗೂ ಸಂಬಂಧ ಇರಲಿಲ್ಲ.

ಹಾಗಾದರೆ ಇಷ್ಟವನ್ನು ಬಿಸಾಡಬೇಕಾ? ಬೇಡ ಅಂದೆ. ಕೂರೋಕೆ ಇಷ್ಟ ಬೇಕೇ ಬೇಕು. ಕೆಲಸ ಮುಗಿಸಿ ಸುಸ್ತಾಗಿ ಬಂದ ದಿನ ರೆಕಾರ್ಡಿಂಗ್ ಕೇಳಿ, ಅದು ಬಾಗಿಲು ತೆಗೆಯುತ್ತೆ. ಹತ್ತು ನಿಮಿಷ ಆದ ಮೇಲೆ ಖಾಲಿ ಹಾಳೆ ತಗೊಳ್ಳಿ. ಬಣ್ಣವೂ ಇರಲಿ, ಆದರೆ ಬಳಿಯಬೇಕಾದದ್ದು ನೆನಪಿಗೆ ಬಾರದೇ ಇದ್ದ ಜಾಗಕ್ಕೆ ಮಾತ್ರ. ಆ ಮೂರು ಬರೀ ಬರಹದ ಅಧ್ಯಾಯಗಳಿಗೂ ಇದೇ. ಪ್ಯಾರಾದ ಕೊನೇ ವಾಕ್ಯ ಹಿಡಿದು, 'ಇದನ್ನು ಹೇಳೋಕೆ ಏನು ಕಾರಣ ಕೊಟ್ಟಿದ್ದಾರೆ' ಅಂತ ಹಿಂದಕ್ಕೆ ಹೋಗಿ.

ಎಲ್ಲ ಸಲಹೆಯೂ ನಡೀಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓದಿ ಅಂದಿದ್ದೆ, ನಾಲ್ಕು ದಿನಕ್ಕೆ ನಿಂತಿತು. ಅದು ನನಗೆ ಒಗ್ಗುವ ಹೊತ್ತು, ಅವರಿಗಲ್ಲ. ಸಹೋದ್ಯೋಗಿಗಳ ಜೊತೆ ಸೇರಿ ಓದಿ ಅಂದದ್ದೂ ಕೈಕೊಟ್ಟಿತು. ನಾಲ್ಕು ಜನರ ಮುಂದೆ ತಪ್ಪುತ್ತರ ಹೇಳೋದು ಅಂದರೆ ಅವರಿಗೆ ಈಗಲೂ ಎದೆ ಡವಡವ. ಆ ಭಯದ ಬಗ್ಗೆ ನಾವು ಇನ್ನೂ ಮಾತಾಡುತ್ತಿದ್ದೇವೆ.

ನಾಲ್ಕನೇ ಭೇಟಿಗೆ ನೋಟ್‌ಬುಕ್ ತಂದಿರಲಿಲ್ಲ. ಚೀಲದಿಂದ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

"ಮೇಡಂ, ಯಂತ್ರದ ಬೆಲೆ ಐವತ್ತು ಸಾವಿರ. ಇಳಿಕೆ ಶೇಷ, ಶೇಕಡಾ ಹತ್ತು. ಮೂರು ವರ್ಷ ಕಳೆದ ಮೇಲೆ ಎಷ್ಟು ಉಳಿಯುತ್ತೆ?"

"ಮೂವತ್ತೈದು ಸಾವಿರ" ಅಂದೆ, ಪಟ್ಟಂತ.

"ನೀವೂ ಅಲ್ಲೇ ಬಿದ್ರಲ್ಲ!" ಅಂತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪೆನ್ನು ನನ್ನ ಕೈಯಿಂದ ತಗೊಂಡು ಹಾಳೆಯ ತಳದಲ್ಲಿ 36,450 ಅಂತ ಬರೆದರು. ಮೇಲೆಲ್ಲ ಖಾಲಿ ಬಿಟ್ಟು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಹೂಂ, ಬಿಚ್ಚಿ ನೋಡೋಣ."